ಅಪ್ಪನ ಹೆಗಲ ಮೇಲಿನ ಯೊರ್ದನ್

ನಂಬುವುದಿದ್ದರೆ ನಂಬಿ, ಇಲ್ಲವಾದರೆ ಬಿಡಿ: ಯೊರ್ದನ್ ಹೊಳೆಯನ್ನು ಯಾಮೀನನಷ್ಟು ಬಲ್ಲವನು ಆ ಕಾಲಕ್ಕೆ ಇನ್ನೊಬ್ಬನಿರಲಿಲ್ಲ. ಹಾಗೆಂದು ಹೇಳುತ್ತಿದ್ದವನು ಯಾಮೀನನೇ. ಯಾರಾದರೂ ಸುಳ್ಳು ಅನ್ನಲಿ ನೋಡೋಣ ಎಂದು ಎದೆಯುಬ್ಬಿಸಿ ನಿಲ್ಲುತ್ತಿದ್ದ.

ಅವನ ಊರು ಹೊಳೆಯ ಆಚೆ ದಡದಲ್ಲಿತ್ತು. ಗುರು ಎಲ್ದಾದರ ಹಿಂದೆ ಬೆಟ್ಟದ ಆಶ್ರಮ ಸೇರಿ ವರ್ಷಗಳೇ ಆಗಿದ್ದವು. ಗುರು ತಮ್ಮ ಊರುಗೋಲನ್ನು ಶಿಷ್ಯನ ಕೈಗಿತ್ತರೆ ಅವನ ಕಲಿಕೆ ಮುಗಿಯಿತೆಂದು ಅಲ್ಲಿನ ರೂಢಿ. ಯಾಮೀನನ ಕಣ್ಣು ಆ ಕೋಲಿನ ಮೇಲೇ.

ಜವೆಗೋಧಿ ಕೊಯ್ಲಿನ ದಿನಗಳಲ್ಲಿ ಇಬ್ಬರೂ ಬೆಟ್ಟವಿಳಿದು ಹೊಳೆದಂಡೆಗೆ ಬಂದರು.

“ನನ್ನನ್ನು ನಿನ್ನೂರಿಗೆ ದಾಟಿಸು,” ಎಂದರು ಗುರು. “ದಾಟಿಸಿದರೆ ಕೋಲು ನಿನ್ನದು.”

“ಇಷ್ಟೇನಾ ಗುರುಗಳೇ? ಕಣ್ಣು ಕಟ್ಟಿ ಬಿಟ್ಟರೂ ದಾಟಿಸ್ತೀನಿ. ಅಗೋ, ಬಾಗಿದ ನೀರವಂಜಿ ಮರ. ಅದರ ಕೆಳಗೇ ದಾರಿ. ಈ ಜೊಂಡಿನೊಳಗೆ ಸಿಂಹ ಗುರ್ ಅಂದದ್ದನ್ನೂ ಕೇಳಿದೀನಿ. ಬೆಳಗಿನ ಹೊತ್ತು ನೀರು ಹೇಗೆ ಮಿನುಗ್ತಿತ್ತು ಗೊತ್ತಾ...”

ಹೇಳುತ್ತ ಹೇಳುತ್ತ ಅವನ ದನಿ ಮೆತ್ತಗಾಯಿತು. ಒದ್ದೆ ಮಣ್ಣಿನ ಅದೇ ವಾಸನೆ.

“ಹೆರ್ಮೋನ್ ಬೆಟ್ಟದ ಹಿಮ ಕರಗಿದೆ. ನೆರೆ ಬಂದು ನೀರು ಕೆಂಪಾಗಿದೆ,” ಎಂದರು ಗುರು.

“ಹೊಳೆ ವಿಷಯ ನನಗೇ ಹೇಳ್ತೀರಾ!” ಎಂದು ಯಾಮೀನ ಮರದ ಕೆಳಗೆ ನೀರಿಗಿಳಿದ.

ಎರಡನೇ ಹೆಜ್ಜೆಗೆ ಕಾಲಿಗೆ ನೆಲ ಸಿಗಲಿಲ್ಲ. ಸೆಳವು ಅವನನ್ನು ದಕ್ಷಿಣಕ್ಕೆ, ಮೀನೂ ಬದುಕದ ಉಪ್ಪುಕಡಲಿನ ಕಡೆಗೆ ಎಳೆಯಿತು. ಗುರು ಕೋಲು ಚಾಚಿದರು. ಅದನ್ನು ಹಿಡಿದು, ಕೆಮ್ಮುತ್ತ ದಡ ಹತ್ತಿದ.

“ಮರ ಅದೇ, ಹೊಳೆ ಅದಲ್ಲ!” ಎಂದು ರೇಗಿದ.

“ನೆರೆ ಬಂದಾಗಲೆಲ್ಲ ಹೊಳೆ ಪಾತ್ರ ಬದಲಿಸುತ್ತೆ. ಅದು ಹೋಗಲಿ, ಆಗೆಲ್ಲ ದಾಟುವಾಗ ನೀರು ನಿನಗೆ ಎಲ್ಲಿವರೆಗೆ ಬರ್ತಿತ್ತು?”

ಯಾಮೀನ ತನ್ನ ತೊಯ್ದ ಬಟ್ಟೆ ನೋಡಿಕೊಂಡ. ಚಿಕ್ಕಂದಿನಲ್ಲಿ ನೀರು ಅವನಿಗೆ ತಾಕಿಯೇ ಇರಲಿಲ್ಲ.

“ಅಪ್ಪನ ಹೆಗಲ ಮೇಲೆ ಕೂತಿರ್ತಿದ್ದೆ.”

“ನಿಮ್ಮಪ್ಪ ಏನು ಮಾಡ್ತಿದ್ದ?”

“ಹಾಡ್ತಿದ್ದ. ಒಂದು ಕೈಯಲ್ಲಿ ನನ್ನ ಕಾಲು ಹಿಡಿದಿರ್ತಿದ್ದ. ಇನ್ನೊಂದು ಕೈಯಲ್ಲಿ...” ಯಾಮೀನ ಗುರುವಿನ ಕೋಲಿನತ್ತ ನೋಡಿದ. “ಇನ್ನೊಂದರಲ್ಲಿ ಕೋಲು. ಹೆಜ್ಜೆಹೆಜ್ಜೆಗೂ ನೀರೊಳಗೆ ಊರಿ ನೋಡ್ತಿದ್ದ.”

ಗುರು ಕೋಲನ್ನು ಪಕ್ಕಕ್ಕಿಟ್ಟು ಅಲ್ಲೇ ಕೂತರು.

ಇಬ್ಬರೂ ದಂಡೆಯಲ್ಲೇ ಉಳಿದರು. ಕೊಯ್ಲು ಮುಗಿಯಿತು, ನೆರೆ ಇಳಿಯಿತು. ಒಂದು ಬೆಳಿಗ್ಗೆ ಗುರು ಕೇಳಿದರು:

“ದಾರಿ ಎಲ್ಲಿ?”

“ಗೊತ್ತಿಲ್ಲ ಗುರುಗಳೇ. ಕೋಲು ಕೊಡಿ, ನೋಡಿ ಬರ್ತೀನಿ.”

ಮಧ್ಯಾಹ್ನದ ಹೊತ್ತಿಗೆ, ಹೊಳೆಯ ತಿರುವಿನ ಕೆಳಗೆ, ಸೊಂಟಮಟ್ಟದ ನೀರಿನಡಿ ಗಟ್ಟಿ ನೆಲ ಸಿಕ್ಕಿತು. ಯಾಮೀನ ಬಂದು ಕೋಲನ್ನು ಹಿಂದಿರುಗಿಸಲು ಚಾಚಿದ.

ಗುರು ತೆಗೆದುಕೊಳ್ಳಲಿಲ್ಲ. ಅವನನ್ನು ಕೂರಿಸಿ, ಹೆಗಲೇರಿ ಕೂತರು.

“ಕೋಲು ನಿನ್ನದು,” ಎಂದರು. “ಈಗ ನಿಮ್ಮಪ್ಪನ ಆ ಹಾಡು ಹೇಳು.”