ಬಣ್ಣದುಂಡೆಯ ಬುತ್ತಿ

ಒಂದು ರಾಜ್ಯ ಇತ್ತು. ಯಾವ ದಿಕ್ಕಿಗೆ ಅಂತ ಕೇಳಬೇಡಿ ಮಕ್ಕಳೇ, ಕಾಲು ಸವೆಯೋ ತನಕ ನಡೆದವರಿಗೆ ಸಿಗುವ ರಾಜ್ಯ ಅದು. ಅಲ್ಲಿ ವೀರಮಲ್ಲ ಅನ್ನೋ ದೊರೆ. ಕೆಟ್ಟವನಲ್ಲ. ಆದರೆ ಬಾಯಿಗೆ ಸಿಹಿ ಬಿದ್ದರೆ ಅವನ ಕಿವಿ ಮುಚ್ಚಿಹೋಗುತ್ತಿತ್ತು.

ಆ ಊರಿನ ಮಕ್ಕಳು ಶಾಲೆಗೆ ಬುತ್ತಿ ಒಯ್ಯುತ್ತಿದ್ದರು. ಒಬ್ಬನದು ರಾಗಿರೊಟ್ಟಿ, ಇನ್ನೊಬ್ಬಳದು ಹೆಸರುಕಾಳಿನ ಉಸಲಿ, ಮತ್ತೊಬ್ಬನದು ಹುರಿಗಡಲೆ ಬೆಲ್ಲ. ಏನೂ ಇಲ್ಲದ ಮನೆಯದು ಒಂದು ಸೀಬೆಹಣ್ಣು. ಮಧ್ಯಾಹ್ನ ಹುಣಸೆಮರದ ಕೆಳಗೆ ಗಂಟು ಬಿಚ್ಚುವುದು, ಅಂಗಿಯ ತುದಿ ಮುಚ್ಚಿ ಕಚ್ಚುವುದು, ತುಂಡು ಮಾಡಿ ಹಂಚಿಕೊಳ್ಳುವುದು. ಅದಕ್ಕೆ ಗುಬ್ಬಿ ಎಂಜಲು ಅಂತ ಹೆಸರು. ಬಟ್ಟೆ ಅಡ್ಡ ಇದ್ದರೆ ಎಂಜಲಲ್ಲ. ಇದು ಮಕ್ಕಳೇ ಬರೆದ ಶಾಸ್ತ್ರ.

ಮಿಠಾಯಿ ಮಾರುವ ಜಂಬಣ್ಣನಿಗೆ ಇದು ಕಣ್ಣುರಿ. ಕೆಂಪು, ಹಳದಿ, ಹಸಿರು ಬಣ್ಣದ ಉಂಡೆ ಕಟ್ಟಿ ದೊರೆಗೆ ತಿನ್ನಿಸಿದ.

"ಬುದ್ಧೀ, ಒಂದು ಮಗು ರಾಗಿ ತರುತ್ತೆ, ಒಂದು ಅಕ್ಕಿ ತರುತ್ತೆ. ಬಡವರ ಮಕ್ಕಳಿಗೆ ನಾಚಿಕೆ ಆಗೋದಿಲ್ಲವೇ? ಎಲ್ಲರ ಡಬ್ಬಿಯಲ್ಲೂ ನನ್ನ ಉಂಡೆ ಇರಲಿ. ಭೇದವೇ ಇರೋದಿಲ್ಲ."

ದೊರೆ ಬಾಯಿ ಚಪ್ಪರಿಸಿ ಡಂಗುರ ಹೊಡೆಸಿದ. ಮನೆಯ ಬುತ್ತಿ ನಿಂತಿತು. ಶಾಲೆ ಬಾಗಿಲಲ್ಲಿ ಭಟರು ನಿಂತರು.

ಮಕ್ಕಳು ಮೊದಮೊದಲು ಕುಣಿದರು. ಆಮೇಲೆ ಕುಣಿತ ನಿಂತಿತು. ಸಂಜೆ ಮನೆಗೆ ಬಂದರೆ ರೊಟ್ಟಿ ಸೇರದು, ಮುದ್ದೆ ಸೇರದು. ಹುಣಸೆಮರದ ಕೆಳಗೆ ಮಕ್ಕಳು ಮುದುಕರ ಹಾಗೆ ಸುಮ್ಮನೆ ಕೂತಿರುತ್ತಿದ್ದರು.

ಮಡಕೆ ಮಾಡುವ ಕೆಂಚವ್ವ ದೊರೆಯ ಹತ್ತಿರ ಹೋದಳು. "ನನ್ನ ಮಗ ಏಳೋದೇ ಇಲ್ಲ, ಒಡೆಯಾ."

"ರಾತ್ರಿ ಬೇಗ ಮಲಗಿಸು," ಅಂದ ಜಂಬಣ್ಣ. ದೊರೆಗೆ ಒಂದು ಕೆಂಪುಂಡೆ ಕೊಟ್ಟ.

ನೇಯ್ಗೆಯ ಸಾಕವ್ವ ಹೋದಳು. "ನನ್ನ ಮಗಳ ಹಲ್ಲೆಲ್ಲ ಕಪ್ಪಾಯ್ತು."

"ಉಪ್ಪು ಹಾಕಿ ಉಜ್ಜು," ಅಂದ. ದೊರೆಗೆ ಒಂದು ಹಳದಿಯುಂಡೆ ಕೊಟ್ಟ.

ಮೂರನೆಯವಳು ನೀಲವ್ವ. ಊರವರ ಹಿಟ್ಟು ಬೀಸಿ ಹೊಟ್ಟೆ ಹೊರೆಯುವವಳು. ಅವಳಿಗಿದ್ದವಳು ಹೊನ್ನಿ ಒಬ್ಬಳೇ ಮಗಳು. ಆ ಹೊನ್ನಿ ಶಾಲೆಯಲ್ಲಿ ಬಿದ್ದವಳು ಚಾಪೆ ಹಿಡಿದಿದ್ದಳು. ಅವ್ವ ಏನು ಕೊಟ್ಟರೂ ತುಟಿ ತೆರೆಯುತ್ತಿರಲಿಲ್ಲ.

ಹೊರಡುವ ಮುಂಚೆ ನೀಲವ್ವ ಹಿತ್ತಲಲ್ಲಿ ಕೂತು ಅತ್ತಳು. ಗೋಡೆ ಮೇಲೆ ಒಂದು ಕಾಗೆ ಬಂದು ಕೂತಿತು.

"ಅತ್ತರೆ ಕಾಳು ಬೇಯುತ್ತದೇನೇ?" ಅಂತು ಕಾಗೆ. "ನನಗೂ ಹಸಿವು. ಆ ಉಂಡೆಯ ಚೂರು ನಮ್ಮ ಕುಲದವರು ಮೂಸೋದಿಲ್ಲ. ಈಗ ಆ ಶಾಲೆಯಲ್ಲಿ ರೊಟ್ಟಿ ಚೂರು ಸಿಗೋದು ಒಬ್ಬನ ಹತ್ತಿರ ಮಾತ್ರ. ಜಂಬಣ್ಣನ ಮಗ ಶಿವಲಿಂಗು. ಗೋಡೆ ಹಿಂದೆ ಕೂತು ತಿಂತಾನೆ. ಅವನ ಡಬ್ಬಿ ಮುಟ್ಟೋ ಭಟ ಯಾರು?"

ನೀಲವ್ವ ಕಣ್ಣೊರೆಸಿಕೊಂಡಳು. ಕಾಗೆಯ ಸಾಕ್ಷಿ ದರ್ಬಾರಿನಲ್ಲಿ ನಡೆಯೋದಿಲ್ಲ ಅಂತ ಅವಳಿಗೆ ಗೊತ್ತು. ಅದಕ್ಕೇ ದೊರೆಯ ಮುಂದೆ ಅವಳು ದೂರಲಿಲ್ಲ. ಹೊಗಳಿದಳು.

"ಜಂಬಣ್ಣೋರ ಉಂಡೆ ದೇವರ ಪ್ರಸಾದ, ಬುದ್ಧೀ. ನನ್ನ ಮಗಳ ಮೈಗೆ ಮಾತ್ರ ಹತ್ತಲಿಲ್ಲ. ಪುಣ್ಯವಂತರ ಮಗನ ಬಾಯಿಂದ ಗುಬ್ಬಿ ಎಂಜಲು ಸಿಕ್ಕರೆ ಹತ್ತೀತು. ಮೂರು ಉಂಡೆ, ತಮ್ಮ ಕಣ್ಣೆದುರೇ."

"ಅಷ್ಟೇ ತಾನೇ?" ಅಂದ ದೊರೆ. ಶಿವಲಿಂಗುವನ್ನು ಕರೆಸಿದ.

ಹುಡುಗನಿಗೆ ಹಿಗ್ಗೋ ಹಿಗ್ಗು. ಅವನು ಆ ಉಂಡೆಯನ್ನು ಒಂದು ದಿನವೂ ತಿಂದಿರಲಿಲ್ಲ. ಅಂಗಿ ಮುಚ್ಚಿ ಕೆಂಪುಂಡೆ ಕಚ್ಚಿದ. ಅರ್ಧ ನುಂಗಿದ, ಅರ್ಧ ನೀಲವ್ವನ ಸೆರಗಿಗೆ ಹಾಕಿದ. ಜಂಬಣ್ಣನ ಹಣೆ ಬೆವರಿತು.

ಹಳದಿಯುಂಡೆ ಕಚ್ಚಿದ. ಅರ್ಧ ಹೊಟ್ಟೆಗೆ, ಅರ್ಧ ಸೆರಗಿಗೆ. ಜಂಬಣ್ಣ ಕೈ ಹಿಸುಕಿಕೊಂಡ.

"ಹಸಿರಿನದು ತಿನ್ನಪ್ಪ," ಅಂದಳು ನೀಲವ್ವ. "ನನ್ನ ಹೊನ್ನಿ ಬೀಳೋ ದಿನ ತಿಂದಿದ್ದು ಅದನ್ನೇ."

ಹುಡುಗ ಬಾಯಿಗಿಡುವಷ್ಟರಲ್ಲಿ ಜಂಬಣ್ಣ ನುಗ್ಗಿ ಬಂದು ಕೈಗೆ ಹೊಡೆದ. ಉಂಡೆ ನೆಲಕ್ಕೆ ಬಿದ್ದು ಒಡೆಯಿತು.

"ಬೇಡ ಮಗಾ, ಅದು ಗೋಡೆಗೆ ಬಳಿಯೋ ಬಣ್ಣ," ಅಂದುಬಿಟ್ಟ.



"ನಿಮ್ಮ ಮಗನಿಗೆ ಅಡ್ಡ ಬರೋಕೆ ನೀವಿದ್ರಿ, ಜಂಬಣ್ಣೋರೇ," ಅಂದಳು ನೀಲವ್ವ. "ನಮ್ಮ ಮಕ್ಕಳಿಗೆ ಅಡ್ಡ ಬಂದ ನಮ್ಮನ್ನ ಭಟರು ಬಾಗಿಲಲ್ಲೇ ತಡೆದರು."

ದೊರೆ ತನ್ನ ಬಾಯಲ್ಲಿದ್ದುದನ್ನು ಉಗಿದ. ಮನೆಯ ಬುತ್ತಿ ಮತ್ತೆ ಬರಲಿ ಅಂತ ಅಪ್ಪಣೆ ಕೊಟ್ಟ. ಜಂಬಣ್ಣನ ಕಡಾಯಿ ಹೊರಟುಹೋಯಿತು, ಹಿಂದೆಯೇ ಅವನೂ ರಾಜ್ಯ ಬಿಟ್ಟು ಹೋದ. ಮಗನ ಕೈ ಹಿಡಿದು ನಡೆಯುತ್ತಿದ್ದವನ ಮುಖ ಯಾರೂ ನೋಡಲಿಲ್ಲ.

ಮರುದಿನ ಮನೆಮನೆಯಲ್ಲಿ ಹೊಗೆ ಎದ್ದಿತು. ನೀಲವ್ವ ಹೆಸರುಕಾಳಿನ ಕಟ್ಟು ಗುಟುಕು ಗುಟುಕಾಗಿ ಕುಡಿಸಿದಳು. ಹೊನ್ನಿ ಬದುಕಿದಳು. ಆದರೆ ಮೊದಲಿನ ಹಾಗೆ ಮತ್ತೆ ಓಡಲಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದಳು.

ಕೆಂಚವ್ವನೂ ಕಡಲೆ ಹುರಿದಳು, ಬೆಲ್ಲ ಕುಟ್ಟಿದಳು, ಗಂಟು ಕಟ್ಟಿ ಹುಣಸೆಮರದ ಕೆಳಗೆ ಬಂದಳು. ಅವಳ ಮಗ ಇರಲಿಲ್ಲ. ಆ ಅಪ್ಪಣೆ ಬರುವುದಕ್ಕೆ ಮುಂಚೆಯೇ ಅವನನ್ನು ಮಣ್ಣು ಮಾಡಿದ್ದರು. ಅವಳು ಸೆರಗು ಮುಚ್ಚಿ ಬೆಲ್ಲವನ್ನು ಕಚ್ಚಿ ಕಚ್ಚಿ ತುಂಡು ಮಾಡಿ, ಉಳಿದ ಮಕ್ಕಳ ಅಂಗೈಗೆ ಒಂದೊಂದಾಗಿ ಇಟ್ಟಳು.

ಅದಕ್ಕೇ ಹೇಳೋದು, ಕೇಳಿಸಿಕೊಳ್ಳಿ: ಮಾರುವವನು ತನ್ನ ಮಗುವಿಗೆ ಕೊಡದ ತಿಂಡಿಯನ್ನು ನಿಮ್ಮ ಮಗುವಿನ ಬುತ್ತಿಗೆ ಹಾಕಬೇಡಿ. ಬಣ್ಣ ಕಣ್ಣಿಗೆ ಸಾಕು, ಹೊಟ್ಟೆಗೆ ಕಾಳೇ ಬೇಕು.