ಹಾಡಿನ ಕಟ್ಟಿನ ಮೊದಲ ಓಲೆ

"ಕೇಳಿರಪ್ಪೋ ಕೇಳಿರಿ! ಸಿಡಿಲಕೋಟೆಯ ಅರಸು ಭೈರವರಾಯರ ಅಪ್ಪಣೆ! ಋತುವಿಗೊಮ್ಮೆ ಅರಮನೆಯಿಂದ ಊರೂರಿಗೆ ಹೋಗುವ ಹಾಡಿನ ಓಲೆಗಳ ಕಟ್ಟಿಗೆ ಮೊದಲ ಓಲೆ ಮಾಡಬಲ್ಲವರು ಯಾರಿದ್ದರೂ ಬರಲಿ! ಅರಸರ ಮೂರು ಒಗಟು ಬಿಡಿಸಿದವರಿಗೆ ಪುಸ್ತಕಶಾಲೆಯ ಒಡೆತನ, ಬೇಡಿದ್ದೊಂದು ವರ. ತಪ್ಪಿದವರ ತಲೆ ಅಲ್ಲೇ ಉರುಳುತ್ತದೆ! ಮೂರು ದಿನದೊಳಗೆ ಯಾರೂ ಬಿಡಿಸದಿದ್ದರೆ ಪುಸ್ತಕಶಾಲೆಗೆ ಬೆಂಕಿ, ಒಳಗಿನ ಹನ್ನೆರಡು ಮಂದಿಯೂ ಅದರ ಜೊತೆಗೇ!"

ಡಂಗುರ ಕೇಳಿ ದುರುಗಿಯ ಕೈಯಲ್ಲಿದ್ದ ದಬ್ಬಳ ಜಾರಿಬಿತ್ತು. ಆ ಹನ್ನೆರಡು ಮಂದಿಯಲ್ಲಿ ಅವಳೂ ಒಬ್ಬಳು. ಬರೆದ ಓಲೆಗಳಿಗೆ ತೂತು ಕೊರೆದು, ದಾರ ಪೋಣಿಸಿ ಕಟ್ಟು ಕಟ್ಟುವುದು ಅವಳ ಕೆಲಸ.

ಅರಸ ಮೊದಲಿಂದ ಹೀಗಿರಲಿಲ್ಲ. ಹೋದ ತಿಂಗಳು ಜ್ವರದಲ್ಲಿ ಬೇಯುತ್ತಿದ್ದ ಅವನ ಒಬ್ಬಳೇ ಮಗಳು ಒಂದು ಜೋಗುಳ ಕೇಳಿದ್ದಳು. ಮುನ್ನೂರು ಓಲೆಯ ಕಟ್ಟು ತಂದು ಗಾಯಕರು ಒಂದೊಂದೇ ಮಗುಚಿದರು. ಹಾಡು ಸಿಗುವಷ್ಟರಲ್ಲಿ ಮಗುವಿನ ಉಸಿರು ನಿಂತಿತ್ತು. ಅರಸ ಎದ್ದವನೇ ಹಿರಿಯ ಲಿಪಿಕಾರನ ಕುತ್ತಿಗೆ ಕಡಿದ. ಆಮೇಲೆ ತಿಂಗಳಿಡೀ ಅದೇ ಕಟ್ಟನ್ನು ಒಬ್ಬನೇ ಮಗುಚುತ್ತಾ ಕೂತ. ಆ ಮೂರು ಒಗಟು ಅಲ್ಲಿ ಹುಟ್ಟಿದವು.

ಮೊದಲ ಎರಡು ದಿನ ಸಭೆಯ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಮೂರನೆಯ ದಿನ ಬೆಳಗ್ಗೆ ಪುಸ್ತಕಶಾಲೆಯ ಹನ್ನೆರಡು ಮಂದಿಯನ್ನೂ ಸಭೆಯ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದರು. ಆಸ್ಥಾನ ಪಂಡಿತ ಭಾನುಶರ್ಮರು ಶಲ್ಯ ಹೊದ್ದು ಮುಂದೆ ಬಂದರು.

"ಎಲ್ಲರಿಗಿಂತ ಕೊನೆಗೆ ಹುಟ್ಟಿ ಎಲ್ಲರಿಗಿಂತ ಮುಂದೆ ಕೂರುತ್ತದೆ. ತಾನು ಹಾಡದಿದ್ದರೂ ಎಲ್ಲ ಹಾಡನ್ನೂ ಹೆಸರು ಹಿಡಿದು ಕರೆಯುತ್ತದೆ. ಏನದು?" ಎಂದ ಅರಸ.

"ಕಿರಿಯ ರಾಜಕುಮಾರ, ಪ್ರಭು! ಕೊನೆಗೆ ಹುಟ್ಟಿದರೂ ಸಿಂಹಾಸನದಲ್ಲಿ..."

ಮಾತು ಮುಗಿಯಲಿಲ್ಲ. ಅರಸನ ಸನ್ನೆಗೆ ಕಟುಕ ಕತ್ತಿ ಬೀಸಿದ ಸದ್ದಿನ ಹಿಂದೆಯೇ ತಲೆ ಮೆಟ್ಟಿಲಿಳಿದು ದುರುಗಿಯ ಕಾಲ ಹತ್ತಿರ ಬಂದು ನಿಂತಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಎರಡನೆಯವನು ವೀಣೆಯ ಸೋಮಯ್ಯ. ವಯಸ್ಸು ಇಪ್ಪತ್ತೈದೂ ಆಗಿರಲಿಲ್ಲ. "ಅದು ಪರಿವಿಡಿಯ ಓಲೆ" ಎಂದ. ಸಭೆ ಉಸಿರು ಬಿಟ್ಟಿತು.

"ಅದರಲ್ಲಿ ಏನೂ ಇಲ್ಲ. ಅದಿಲ್ಲದಿದ್ದರೆ ಇರುವುದೊಂದೂ ತಿಳಿಯದು. ಏನದು?"

ಸೋಮಯ್ಯ ತಲೆ ಎತ್ತಿ ಹೇಳಿದ: "ಮೌನ."

"ಓಲೆಯ ಮೇಲೆ ಮೌನ ಎಲ್ಲಿ ಕಾಣುತ್ತದೆ, ತೋರಿಸು!" ಅರಸ ಕೈ ಎತ್ತಿ ಕಟುಕನಿಗೆ ಸನ್ನೆ ಮಾಡಿದ. ಮೊದಲ ಏಟಿಗೆ ಸೋಮಯ್ಯ ಸಾಯಲಿಲ್ಲ. ಎರಡನೆಯ ಏಟು ಬೀಳುವವರೆಗೂ ಅವನ ಬೆರಳು ನೆಲದ ಮೇಲೆ ತಂತಿ ಮೀಟುವಂತೆ ಆಡುತ್ತಿತ್ತು.

ಹೊತ್ತು ಇಳಿಯಿತು. ಹೊರಗೆ ಪುಸ್ತಕಶಾಲೆಯ ಗೋಡೆಗೆ ಸೌದೆ ಒಟ್ಟುವ ಸದ್ದು ಕೇಳುತ್ತಿತ್ತು. ಹೇಗೂ ಸಾಯುವುದೇ ಎಂದುಕೊಂಡು ದುರುಗಿ ರಕ್ತ ತುಳಿದುಕೊಂಡೇ ಮುಂದೆ ಹೋದಳು. ಯಾರೋ ನಕ್ಕರು.

"ಮೊದಲನೆಯದಕ್ಕೆ ಉತ್ತರ ಕೇಳಿದ್ದೀಯ. ನಿನಗೆ ಹೇಗೆ ಗೊತ್ತು, ಅದನ್ನು ಹೇಳು" ಎಂದ ಅರಸ.

"ಬುದ್ಧೀ, ದಾರ ಪೋಣಿಸುವವಳು ನಾನು. ಹಾಡೆಲ್ಲ ಬರೆದು ಮುಗಿದ ಮೇಲಲ್ಲವೇ ಯಾವುದು ಎಲ್ಲಿದೆ ಅಂತ ಪಟ್ಟಿ ಮಾಡೋದು? ಹಾಗಾಗಿ ಅದು ನನ್ನ ಕೈಗೆ ಕೊನೆಗೆ ಬರಬೇಕು. ದಾರಕ್ಕೆ ಮಾತ್ರ ಮೊದಲು ಏರಬೇಕು."

"ಎರಡನೆಯದು?"

"ಖಾಲಿ ಜಾಗ. ತೂತಿನ ಸುತ್ತ ಬೆರಳಗಲ ಬಿಡದೆ ಬರೆದರೆ ನನ್ನ ದಬ್ಬಳ ಅಕ್ಷರವನ್ನೇ ತಿನ್ನುತ್ತದೆ. ಸಾಲಿಗೆ ಸಾಲು ಒತ್ತಿದರೆ ಹತ್ತು ಹಾಡಿನ ಹೆಸರು ಕಲಸಿಹೋಗಿ ಒಂದೂ ಕಣ್ಣಿಗೆ ಸಿಗೋದಿಲ್ಲ." ಅವಳು ಸೋಮಯ್ಯನ ಕಡೆ ನೋಡಿದಳು. "ಹಾಡಿನಲ್ಲಿ ಅದನ್ನೇ ಮೌನ ಅಂತಾರೆ. ಇವರು ಅರ್ಧ ಸರಿ ಹೇಳಿದ್ದರು. ನೀವು ಪೂರ್ತಿ ಕೊಂದಿರಿ."

ಅರಸ ಸಿಂಹಾಸನದಿಂದ ಹಾರಿ ಬಂದು ಅವಳ ಕುತ್ತಿಗೆಗೆ ಕತ್ತಿ ಒತ್ತಿದ. ಬಿಸಿ ರಕ್ತ ರವಿಕೆಯೊಳಗೆ ಇಳಿಯಿತು.

"ಸಾಲಿನ ತುದಿಯಲ್ಲಿ ಒಬ್ಬ ಆಳು ನಿಂತಿದ್ದಾನೆ" ಎಂದ ಅರಸ ಹಲ್ಲು ಕಚ್ಚಿ. "ಬಾಯಿಲ್ಲ, ಕಾಲಿಲ್ಲ. ಆದರೂ ಬಂದವರನ್ನು ಹಾಡಿನ ಮನೆಬಾಗಿಲಿಗೆ ಬಿಡುತ್ತಾನೆ. ಅವನು ಸುಳ್ಳು ಹೇಳಿದರೆ ಮುನ್ನೂರು ಬಾಗಿಲು ತಟ್ಟಬೇಕು. ಯಾರವನು?"

"ಓಲೆಯ ಅಂಕಿ, ಬುದ್ಧೀ. ಒಂದು ಸಲ ದಾರ ಹರಿದು ಇಡೀ ಕಟ್ಟು ಚೆಲ್ಲಿತ್ತು. ನನಗೆ ಪೂರ್ತಿ ಓದೋಕೆ ಬರೋದಿಲ್ಲ, ಅಂಕಿ ನೋಡಿಯೇ ಜೋಡಿಸಿದೆ. ಹೆಸರಿನ ಎದುರು ಆ ಅಂಕಿ ಇದ್ದಿದ್ದರೆ..." ಅವಳು ಅರಸನ ಮುಖ ನೋಡಿದಳು. "ಆ ಜೋಗುಳ ಒಂದೇ ಉಸಿರಿಗೆ ಸಿಗುತ್ತಿತ್ತು."

ಕತ್ತಿ ಕೆಳಗಿಳಿಯಿತು. ಅರಸ ಸೊಂಟದಿಂದ ಪುಸ್ತಕಶಾಲೆಯ ಬೀಗದ ಕೈ ತೆಗೆದು ಅವಳಿಗೆ ಕೊಟ್ಟ. "ವರ ಕೇಳು. ಅರ್ಧ ರಾಜ್ಯ ಕೇಳಿದರೂ ಸರಿ."

"ಇನ್ನು ಯಾರಿಗೂ ತಲೆ ಪಣ ಇಡಬೇಡಿ. ಮತ್ತೆ, ಸೋಮಯ್ಯನವರನ್ನು ನೀವೇ ಹೊತ್ತು ಅವರ ಮನೆಗೆ ಮುಟ್ಟಿಸಿ."

ಅರಸನಿಗೇ ಹೆಣ ಹೊರಿಸುವುದೇ ಎಂದು ಪಕ್ಕದಲ್ಲಿದ್ದ ಸೇನಾಪತಿ ಒರೆಗೆ ಕೈ ಹಾಕಿದ. ಅರಸ ಬೇಡವೆಂದು ತಲೆಯಾಡಿಸಿ, ಬಾಗಿ, ಹೆಣವನ್ನು ಹೆಗಲಿಗೇರಿಸಿಕೊಂಡ.

ದುರುಗಿ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಹಿಂದೆ ನಡೆದಳು. ವೀಣೆಗಾರರ ಕೇರಿಯಲ್ಲಿ ಸೋಮಯ್ಯನ ಮನೆಯ ಬಾಗಿಲ ಮುಂದೆ ಅರಸ ನಿಂತ. ಕೈ ಖಾಲಿಯಿರಲಿಲ್ಲ, ಹಣೆಯಿಂದಲೇ ಬಾಗಿಲು ತಟ್ಟಿದ. ಒಳಗಿಂದ ಒಬ್ಬ ಮುದುಕಿಯ ದನಿ ಕೇಳಿತು: "ಬಂದೆಯಾ ಮಗಾ? ಚಿಲಕ ಹಾಕಿಲ್ಲ, ಒಳಗೆ ಬಾ."