ಅಮಲ್ದಾರನ ಹೆಂಡತಿಯ ತವರು

ಬಾ, ಕಾಲು ಚಾಚಿ ಮಲಗು. ನಮ್ಮೂರಿಗೆ ಜಿಲ್ಲೆ ಅನ್ನೋ ಹೆಸರೇ ಇಲ್ಲದ ಕಾಲವಂತೆ ಅದು. ಒಂದು ಹೊಳೆ, ಹೊಳೆ ಪಕ್ಕ ಒಂದು ಕಲ್ಲುದಿಬ್ಬ, ದಿಬ್ಬದ ಮೇಲೆ ಜೇನು ಕೀಳೋ ಕಾಡುಜನದ ಹಾಡಿ, ಇಷ್ಟೇ ಇದ್ದದ್ದಂತೆ.

ರಾಜ ತನ್ನ ಸೀಮೇನ ಮೂರು ಜಿಲ್ಲೆ ಮಾಡಿ, ಹೊಳೆಸೀಮೆಗೆ ವೆಂಕೋಬರಾಯ ಅನ್ನೋ ಅಮಲ್ದಾರನ್ನ ಕಳಿಸಿದನಂತೆ, ಅಲ್ಲೊಂದು ಕಚೇರಿ ಕಟ್ಟು, ಊರು ತಾನಾಗೇ ಬೆಳೀತದೆ ಅಂತ. ಅವನು ಹೆಂಡತಿ ಭಾಗೀರತಮ್ಮನ್ನ ಕರಕೊಂಡು ಬಂದದ್ದು ಬಿರುಬೇಸಿಗೇಲಿ. ಹೊಳೆ ಸಣ್ಣಗೆ ಹರೀತಿತ್ತು, ಮರಳು ಮಟ್ಟಸವಾಗಿ ಕಂಡಿತು, ಇಲ್ಲೇ ಕಟ್ಟಿ ಅಂದನಂತೆ. ಹಾಡಿಯ ಬೊಳ್ಳ ಇಳಿದು ಬಂದು, ಸ್ವಾಮಿ, ಅದು ಹೊಳೆ ಮಲಗೋ ಜಾಗ, ಆಷಾಢಕ್ಕೆ ವಾಪಸ್ ಬರ್ತದೆ ಅಂದ. ನಕ್ಷೆ ನೋಡಿದವನು ನಾನೋ ನೀನೋ ಅಂತ ಅಮಲ್ದಾರ ಗದರಿದನಂತೆ. ಪೇಟ ದೊಡ್ಡದಿತ್ತು, ಕಿವಿ ಮುಚ್ಚಿತ್ತೋ ಏನೋ.

ಮೊದಲನೇ ವರ್ಷ ಸೋಗೆ ಕಚೇರಿ ತೇಲಿಹೋಯ್ತು. ಆಮೇಲೆ ಎರಡನೇ ವರ್ಷ ಮಣ್ಣಿಂದು ಕರಗಿಹೋಯ್ತು. ಆಮೇಲೆ ಅವನು ರೇಗಿ, ಕಲ್ಲಲ್ಲೇ ಕಟ್ಟಿಸಿ, ಇದೂ ಹೋದರೆ ಹಾಡಿಯವರು ನೀವು ದಿಬ್ಬ ಖಾಲಿ ಮಾಡಿ, ಕಚೇರಿ ಅಲ್ಲಿಗೇ ಬರ್ತದೆ ಅಂತ ಹುಕುಂ ಮಾಡಿದನಂತೆ. ಹಾಡಿಯವರಿಗೆ ಅದು ಅಜ್ಜ ಮುತ್ತಜ್ಜರನ್ನ ಮಣ್ಣು ಮಾಡಿದ ನೆಲ, ಬಿಟ್ಟು ಎಲ್ಲಿಗೆ ಹೋಗೋದು, ಪಾಪ.

ಮೂರನೇ ಆಷಾಢಕ್ಕೆ ಹೊಳೆ ಬಂತು ನೋಡು, ಕಲ್ಲಿನ ಗೋಡೇನೂ ಬಿರುಕು ಬಿಡ್ತಂತೆ. ಅಮಲ್ದಾರ ಕಡತದ ಗಂಟು ತಬ್ಬಿಕೊಂಡು ಮಾಡಿನ ಮೇಲೆ ಕೂತಿದ್ದ. ಭಾಗೀರತಮ್ಮ ದಿಬ್ಬಕ್ಕೆ ಓಡಿಬಂದು, ಹಗ್ಗ ಎಸೀರಪ್ಪಾ ಅಂತ ಅತ್ತಳು. ಬೊಳ್ಳ ಜೇನು ಕೀಳೋ ಹಗ್ಗ ತಂದ, ಆದರೆ ಹಿಡಿಯೋಕೆ ಕೈ ಬರಲಿಲ್ಲ. ಅವರಲ್ಲೊಂದು ಪದ್ಧತಿ, ಹಗ್ಗದಲ್ಲಿ ನೇತಾಡೋನನ್ನ ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡೀಬೇಕು, ಒಡಹುಟ್ಟಿದವಳ ತಾಳಿ ನೆನೆದು ಅವನು ಕೈ ಬಿಡೋದಿಲ್ಲ ಅಂತ. ನಿಮ್ಮಣ್ಣ ಎಲ್ಲವ್ವಾ ಅಂದ. ಮೂರು ದಿನದ ದಾರಿ ಕಣಪ್ಪಾ, ಇವತ್ತಿಂದ ನೀನೇ ನನ್ನಣ್ಣ ಅಂತ ಅವಳು ಸೆರಗೊಡ್ಡಿದಳಂತೆ. ಬೊಳ್ಳ ಕೈಗೆ ಸಿಕ್ಕ ಎರಡು ಕಾಡುಗೆಣಸು ಅವಳ ಮಡಿಲಿಗೆ ಹಾಕಿ, ತಂಗಿ ಮಾಡಿಕೊಂಡು, ಹಗ್ಗ ಎಸೆದ.

ಕಡತ ಬಿಡು ಭಾವಾ ಅಂದ, ಬಿಡಲಿಲ್ಲ. ಇನ್ನೊಂದು ಸಲ ಅಂದ, ಬಿಡಲಿಲ್ಲ. ಮೂರನೇ ಸಲಕ್ಕೆ ಗೋಡೆ ಕುಸೀತು, ಆಗ ಗಂಟು ಬಿಟ್ಟು ಹಗ್ಗ ಹಿಡಿದ. ದರದರ ಎಳೆದು ಮೇಲೆ ಹಾಕಿದರಂತೆ.

ಅಷ್ಟಾದರೂ ಮೊಂಡ! ಎದ್ದು ಬಟ್ಟೆ ಹಿಂಡಿಕೊಂಡು, ಕಚೇರಿ ಹೋಯ್ತಲ್ಲ, ಹುಕುಂ ಅಂದರೆ ಹುಕುಂ, ದಿಬ್ಬ ಖಾಲಿ ಮಾಡಿ ಅಂದನಂತೆ. ಭಾಗೀರತಮ್ಮ ಸೊಂಟಕ್ಕೆ ಕೈ ಕೊಟ್ಟು, ಏನಂದ್ರಿ, ನನ್ನ ತವರುಮನೆ ಖಾಲಿ ಮಾಡಿಸ್ತೀರಾ ಅಂದಳು. ಅಮಲ್ದಾರ ಒದ್ದೆ ಪೇಟ ಬಿಚ್ಚಿಟ್ಟು, ಹಾಗಾದ್ರೆ ಎಲ್ಲಿ ಕಟ್ಟಲಿ ಅಂತ ಬೊಳ್ಳನ್ನ ಕೇಳಿದನಂತೆ.

ಆಮೇಲೆ ಬೊಳ್ಳ ತೋರಿಸಿದ, ದಿಬ್ಬದ ಹಿಂದಿನ ಏರಲ್ಲಿ ಕಚೇರಿ ಎದ್ದಿತು, ಪೇಟೆ ಬಂತು, ಜಿಲ್ಲೆ ಆಯ್ತು. ಅಂಥ ಒಳ್ಳೇ ದಿಬ್ಬ ಯಾಕೆ ಬಿಟ್ಟೆ ಅಂತ ರಾಜ ಓಲೆ ಕಳಿಸಿದ್ದಕ್ಕೆ ಅಮಲ್ದಾರ ಒಂದೇ ಸಾಲು ಬರೆದನಂತೆ, ಮಹಾಸ್ವಾಮಿ, ಅದು ನನ್ನ ಹೆಂಡತಿಯ ತವರು. ರಾಜನಿಗೂ ಹೆಂಡತಿ ಇದ್ದಳಲ್ಲ, ಆಗಲಿ ಅಂತ ಮುದ್ರೆ ಒತ್ತಿದನಂತೆ.

ಅಲ್ಲಿಗೆ ಕತೆ ಮುಗೀತು, ನಿನ್ನ ಕಣ್ಣೂ ಮುಚ್ಚಿತು.